ಹಳ್ಳಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠಕ್ಕೆ ಇಂಟರ್ನೆಟ್ ಬಳಸುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ ಸರ್. ಹಾಸನದ ಕಡೆಯ ಹಳ್ಳಿಯೊಂದರ ಸರ್ಕಾರಿ ಹೈಸ್ಕೂಲಿಗೆ ಹೊಸದಾಗಿ ಬಂದಿದ್ದೀರಿ. ದಾನಿಗಳು ಸ್ಮಾರ್ಟ್ ಟಿವಿ ಕೊಟ್ಟಿದ್ದಾರೆ, ನೆಟ್ ಬಂದರೆ ಬಂತು, ಹೋದರೆ ಹೋಯಿತು, ಪ್ರಯೋಗಾಲಯ ಅಂದರೆ ಒಂದು ಬೀರು. ಇಷ್ಟರಲ್ಲಿ ಎಂಟರಿಂದ ಹತ್ತನೇ ತರಗತಿವರೆಗೆ ಆನ್‌ಲೈನ್‌ನಲ್ಲಿ ಸಿಗುವುದನ್ನು ಬಳಸಿ ವಿಜ್ಞಾನ ಹೇಳಿಕೊಡುವುದು ಹೇಗೆ, ಯಾವುದು ನಿಜಕ್ಕೂ ಕೆಲಸಕ್ಕೆ ಬರುತ್ತದೆ ಅಂತ ಕೇಳಿದ್ದೀರಿ. ನಾನು ಮಂಡ್ಯ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಹದಿನೇಳು ವರ್ಷದಿಂದ ವಿಜ್ಞಾನದ ಟೀಚರ್. ನಮ್ಮಲ್ಲೂ ಪರಿಸ್ಥಿತಿ ಹೆಚ್ಚೂಕಡಿಮೆ ನಿಮ್ಮಲ್ಲಿನದೇ. ಹಾಗಾಗಿ ನನ್ನ ಅನುಭವಕ್ಕೆ ಬಂದದ್ದನ್ನಷ್ಟೇ ಹೇಳುತ್ತೇನೆ.

ನಮ್ಮ ಶಾಲೆಗೆ ಟಿವಿ ಬಂದ ವರ್ಷ ಒಂಬತ್ತನೇ ತರಗತಿಗೆ ಜೀವಕೋಶದ ಪಾಠಕ್ಕೆ ಒಂದು ಉದ್ದದ ವಿಡಿಯೊ ಹಾಕಿದೆ. ಪೂರ್ತಿ ಪೀರಿಯಡ್ ಮಕ್ಕಳು ಪಿಟಕ್ಕೆನ್ನದೆ ಕೂತು ನೋಡಿದರು. ಪಾಠ ಚೆನ್ನಾಗಾಯಿತು ಅಂತ ನನಗೆ ಬಹಳ ಸಂತೋಷ. ಮಾರನೇ ದಿನ ಮೈಟೊಕಾಂಡ್ರಿಯದ ಕೆಲಸ ಏನು ಅಂತ ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬಳು, "ಕಿತ್ಲೆ ಬಣ್ಣದ್ದು ಮಿಸ್, ತೇಲ್ತಾ ಇತ್ತು" ಅಂದಳು. ಅವಳದೇನೂ ತಪ್ಪಿಲ್ಲ. ನಾನು ತೋರಿಸಿದ್ದು ಅದನ್ನೇ. ನೋಡುವುದಕ್ಕೆ ಮುಂಚೆ ಅವರ ತಲೆಯಲ್ಲಿ ಒಂದು ಪ್ರಶ್ನೆ ಇರಲಿಲ್ಲ. ಇದ್ದಿದ್ದರೆ ಕಣ್ಣು ಅದರ ಉತ್ತರ ಹುಡುಕುತ್ತಿತ್ತು.

ಅಂದಿನಿಂದ ಒಂದು ಕಟ್ಟುಪಾಡು ಮಾಡಿಕೊಂಡೆ. ಟಿವಿ ಹಚ್ಚುವುದಕ್ಕೆ ಮೊದಲು ಬೋರ್ಡಿನ ಮೇಲೆ ಒಂದೇ ಒಂದು ಪ್ರಶ್ನೆ ಇರಬೇಕು, ಪ್ರತಿಯೊಬ್ಬರೂ ತಮ್ಮ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿರಬೇಕು. ಬರೆದದ್ದನ್ನು ಅಳಿಸುವ ಹಾಗಿಲ್ಲ. ಒಂದು ಪಾಠವನ್ನೇ ವಿವರವಾಗಿ ಹೇಳುತ್ತೇನೆ, ಉಳಿದದ್ದಕ್ಕೆ ಇದೇ ದಾರಿ.

ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠ. ಒಂದು ಬ್ಯಾಟರಿಗೆ ಎರಡು ಒಂದೇ ಥರದ ಬಲ್ಬನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಜಾಸ್ತಿ ಉರಿಯುತ್ತದೆ? ಪ್ರತಿ ವರ್ಷ ಅರ್ಧಕ್ಕಿಂತ ಹೆಚ್ಚು ಕೈ ಮೊದಲನೇ ಬಲ್ಬಿಗೆ ಏಳುತ್ತದೆ. "ಮೊದಲ್ನೇದು ಕರೆಂಟ್ ತಿನ್ಕಬುಡ್ತದೆ ಮಿಸ್, ಎರಡ್ನೇದ್ಕೆ ಕಮ್ಮಿ ಬತ್ತದೆ." ನಾಲೆಯ ನೀರು ಮೇಲಿನ ಗದ್ದೆಯವರಿಗೆ ಸಿಕ್ಕಷ್ಟು ಕೊನೆ ಭಾಗದವರಿಗೆ ಸಿಗುವುದಿಲ್ಲ ಅಂತ ಮನೆಯಲ್ಲಿ ದಿನಾ ಕೇಳುವ ಮಕ್ಕಳು ಇವರು. ಹಾಗೆ ಯೋಚಿಸುವುದು ಸಹಜ. ಈಗ ಫೆಟ್ ಸಿಮ್ಯುಲೇಶನ್, ಅಂದರೆ ತೆರೆಯ ಮೇಲೇ ಜೋಡಿಸಿ ಮಾಡಿ ನೋಡುವ ಪ್ರಯೋಗ, ತೆರೆಯುತ್ತೇನೆ. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ ಮರುವರ್ಷ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು ಅದು, ಎಲ್ಲವೂ ಉಚಿತ. ಅದರ ಸರ್ಕ್ಯೂಟ್ ಕಿಟ್‌ನಲ್ಲಿ ಬ್ಯಾಟರಿ 9 ವೋಲ್ಟ್, ಬಲ್ಬು 10 ಓಮ್. ಒಂದೇ ಬಲ್ಬಿದ್ದಾಗ ಕರೆಂಟ್ ಅಳೆಯುವ ಅಮ್ಮೀಟರ್ 0.90 ಆಂಪಿಯರ್ ತೋರಿಸುತ್ತದೆ. ಎರಡನೆಯದನ್ನು ಸೇರಿಸಿದರೆ 0.45. ಅಮ್ಮೀಟರನ್ನು ಮೊದಲ ಬಲ್ಬಿನ ಹಿಂದೆ ಇಡಿ, ನಡುವೆ ಇಡಿ, ಎರಡನೆಯದರ ಆಚೆ ಇಡಿ, ಎಲ್ಲ ಕಡೆಯೂ 0.45. ತಂತಿಯೊಳಗಿನ ಇಲೆಕ್ಟ್ರಾನ್‌ಗಳು ಎಲ್ಲೆಡೆ ಒಂದೇ ವೇಗದಲ್ಲಿ ಸಾಗುವುದು ಕಣ್ಣಿಗೆ ಕಾಣುತ್ತದೆ. ತರಗತಿಯಲ್ಲಿ ಆಗ ಒಂದು ಗುಸುಗುಸು ಏಳುತ್ತದಲ್ಲ, ಅದಕ್ಕಾಗಿಯೇ ನಾನು ಈ ಪಾಠವನ್ನು ಕಾಯುತ್ತಿರುತ್ತೇನೆ.

ಇಲ್ಲಿಗೇ ನಿಲ್ಲಿಸಬೇಡಿ. ಎರಡು ಟಾರ್ಚ್ ಬಲ್ಬು, ಎರಡು ಸೆಲ್ಲು, ತಂತಿ ಕೊಟ್ಟು ಮಕ್ಕಳ ಕೈಯಿಂದಲೇ ಜೋಡಿಸಿ. ಒಮ್ಮೆ ನಮ್ಮಲ್ಲಿ ನಿಜವಾದ ಬಲ್ಬುಗಳಲ್ಲಿ ಒಂದು ಸ್ವಲ್ಪ ಜಾಸ್ತಿಯೇ ಉರಿಯಿತು. ಅದೂ ಮೊದಲನೆಯದೇ. "ನಾನ್ ಹೇಳ್ನಿಲ್ವಾ" ಅಂತ ಹಿಂದಿನ ಬೆಂಚಿನವನು ಎದ್ದೇ ನಿಂತ. ನನಗೂ ಒಂದು ಕ್ಷಣ ಏನು ಹೇಳಬೇಕೋ ತೋಚಲಿಲ್ಲ. ಅಷ್ಟರಲ್ಲಿ ಇನ್ನೊಬ್ಬ ಹುಡುಗಿ, "ಅದ್ಲು ಬದ್ಲು ಮಾಡ್ಲಾ ಮಿಸ್?" ಅಂದಳು. ಬಲ್ಬುಗಳ ಜಾಗ ಬದಲಿಸಿದಳು. ಜಾಸ್ತಿ ಉರಿಯುತ್ತಿದ್ದದ್ದು ಎರಡನೇ ಜಾಗದಲ್ಲೂ ಜಾಸ್ತಿಯೇ ಉರಿಯಿತು. ಹಾಗಾದರೆ ವ್ಯತ್ಯಾಸ ಬಲ್ಬಿನದು, ಜಾಗದ್ದಲ್ಲ. ಸಿಮ್ಯುಲೇಶನ್ನಿನ ಬಲ್ಬುಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದವು. ಹಾಗಾಗಿ ಈ ಪ್ರಶ್ನೆ ಅದರೊಳಗೆ ಹುಟ್ಟುವುದೇ ಇಲ್ಲ. ಆ ದಿನ ಟಿವಿ ಮಾತ್ರ ಇದ್ದಿದ್ದರೆ ಆ ಹುಡುಗಿ ಅಷ್ಟು ಚೆಂದದ ಪ್ರಯೋಗ ಮಾಡುತ್ತಿರಲಿಲ್ಲ.

ಇನ್ನು ವಿಜ್ಞಾನಕ್ಕೆಂದು ಯಾರೂ ಮಾಡಿರದ, ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ದಕ್ಕಿದ ಆನ್‌ಲೈನ್ ಸಂಪನ್ಮೂಲ ಯಾವುದು ಗೊತ್ತೇ? ಅಣೆಕಟ್ಟಿನ ನೀರಿನ ಮಟ್ಟ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ದಿನಾ ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವು ಪ್ರಕಟಿಸುತ್ತದೆ. ಮಳೆಗಾಲದಲ್ಲಿ ನಮ್ಮೂರ ಟೀ ಅಂಗಡಿಯಲ್ಲಿ ಮೊದಲ ಮಾತೇ "ಕಟ್ಟೆ ಎಷ್ಟಾಯ್ತು?" ಅಂತ. ಕೆಆರ್‌ಎಸ್ 124.80 ಅಡಿ ತುಂಬಿದರೆ ನಾಲೆಗೆ ನೀರು, ಇಲ್ಲದಿದ್ದರೆ ಕಬ್ಬು ಒಣಗುವ ಚಿಂತೆ. ಜೂನ್ ಮೊದಲ ವಾರ ಗೋಡೆಗೆ ದೊಡ್ಡ ಗ್ರಾಫ್ ಹಾಳೆ ಅಂಟಿಸುತ್ತೇನೆ. ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಒಬ್ಬರು ನನ್ನ ಫೋನಿನಲ್ಲಿ ಅಂಕಿ ನೋಡಿ ಚುಕ್ಕೆ ಇಡಬೇಕು. ಅರ್ಧ ನಿಮಿಷದ ನೆಟ್ ಸಾಕು.

ಮೊದಲು ಏಕಮಾನಗಳ ಜಗಳ ಬಿಡಿಸಬೇಕು. ಸೆಕೆಂಡಿಗೆ ಒಂದು ಘನ ಅಡಿ ಅಂದರೆ ಒಂದು ಕ್ಯೂಸೆಕ್. ದಿನಕ್ಕೆ 86,400 ಸೆಕೆಂಡು. ನೂರು ಕೋಟಿ ಘನ ಅಡಿ ಅಂದರೆ ಒಂದು ಟಿಎಂಸಿ. ಭಾಗಿಸಿ ನೋಡಿದರೆ ಸುಮಾರು 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ ನೀರು. ಈ ಲೆಕ್ಕ ಕಲಿತವನು ಸಂಜೆ ಮನೆಗೆ ಹೋಗಿ ಅಪ್ಪನಿಗೆ ಹೇಳದೆ ಇರುವುದಿಲ್ಲ. ಕೊಡಗಿನಲ್ಲಿ ಜೋರು ಮಳೆ ಅಂತ ಸುದ್ದಿ ಬಂದು ಎಷ್ಟು ಹೊತ್ತಿಗೆ ನಮ್ಮ ಗೆರೆ ಮೇಲೇಳುತ್ತದೆ ಅನ್ನುವುದನ್ನೂ ಗುರುತು ಹಾಕಿಕೊಳ್ಳುತ್ತಾರೆ.

ಒಂದು ವರ್ಷ ಜುಲೈ ಕೊನೆಗೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಗ್ರಾಫಿನ ಮುಂದೆ ಬಹಳ ಹೊತ್ತು ನಿಂತಿದ್ದ. "ಮಿಸ್, ನೀರು ಅಷ್ಟೇ ಬತ್ತಾ ಇದ್ರೂ ಮ್ಯಾಲಕ್ಕೆ ಬಂದಂಗೆಲ್ಲ ಏರದು ಕಮ್ಮಿ ಆಯ್ತದಲ್ಲ, ಯಾಕೆ?" ಅಂದ. ನೋಡಿದರೆ ನಿಜ. ಮಟ್ಟ ತೊಂಬತ್ತು ಅಡಿ ಆಸುಪಾಸಿನಲ್ಲಿದ್ದಾಗ ದಿನಕ್ಕೆ ಮೂರಡಿ ಏರಿಸಿದ ಒಳಹರಿವು, ಮೇಲೆ ಬಂದಾಗ ಒಂದೂವರೆ ಅಡಿಯನ್ನಷ್ಟೇ ಏರಿಸುತ್ತಿತ್ತು. ನಾನು ಉತ್ತರ ಹೇಳಲಿಲ್ಲ. ಬಿಸಿಯೂಟದ ಅಡುಗೆಮನೆಯಿಂದ ಬಾಣಲೆ ಕೇಳಿ ತಂದೆವು. ನಡುವೆ ಒಂದು ಅಳತೆಪಟ್ಟಿ ನಿಲ್ಲಿಸಿ, ಒಂದೊಂದೇ ಲೋಟ ನೀರು ಸುರಿದು, ಪ್ರತಿ ಲೋಟಕ್ಕೂ ಎಷ್ಟು ಏರಿತು ಅಂತ ಬರೆದರು. ಮೊದಲ ಲೋಟಕ್ಕೆ ನೀರು ಸರಕ್ಕನೆ ಏರಿತು. ಆಮೇಲಾಮೇಲೆ ಲೋಟ ಅದೇ, ಏರಿಕೆ ಕೂದಲಷ್ಟು. ಬಾಣಲೆಯ ಗ್ರಾಫ್ ಬರೆದು ಕಟ್ಟೆಯ ಗ್ರಾಫ್ ಪಕ್ಕ ಅಂಟಿಸಿದರು. ಎರಡೂ ಒಂದೇ ರೀತಿ ಬಾಗಿದ್ದವು. ಜಲಾಶಯದ ಬಾಯಿ ಅಗಲ, ತಳ ಕಿರಿದು ಅಂತ ಅವನೇ ಹೇಳಿದ. ಆ ಎರಡು ಹಾಳೆಗಳನ್ನು ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ನೆಟ್‌ನಲ್ಲಿ ಸಿಗುವ ಚಿತ್ರಗಳ ಬಗ್ಗೆ ಒಂದು ಎಚ್ಚರಿಕೆ. ಸೌರವ್ಯೂಹದ ಅನಿಮೇಶನ್‌ಗಳಲ್ಲಿ ಭೂಮಿಯ ಕಕ್ಷೆಯನ್ನು ಹಲಸಿನಹಣ್ಣಿನ ಹಾಗೆ ಉದ್ದಕ್ಕೆ ಎಳೆದಿರುತ್ತಾರೆ. ಅದನ್ನು ನೋಡಿದ ಮಗು, ಭೂಮಿ ಸೂರ್ಯನ ಹತ್ತಿರ ಹೋದಾಗ ಬೇಸಿಗೆ ಅಂತ ತೀರ್ಮಾನಿಸಿಬಿಡುತ್ತದೆ. ನಿಜದಲ್ಲಿ ಕಕ್ಷೆ ಬಹುಪಾಲು ವೃತ್ತವೇ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರ, ನಾವು ಸ್ವೆಟರ್ ಹಾಕಿಕೊಂಡು ಶಾಲೆಗೆ ಬರುವ ಹೊತ್ತಿನಲ್ಲಿ. ಗಾತ್ರ, ದೂರಗಳಂತೂ ಯಾವ ಚಿತ್ರದಲ್ಲೂ ಸರಿ ಇರುವುದಿಲ್ಲ, ತೆರೆಯಲ್ಲಿ ಹಿಡಿಸುವುದೂ ಇಲ್ಲ. ನಾನು ಒಂದು ರಾಗಿ ಕಾಳನ್ನು ಭೂಮಿ ಮಾಡುತ್ತೇನೆ. ಅದು ಒಂದೂವರೆ ಮಿಲಿಮೀಟರ್ ಇದ್ದರೆ ಸೂರ್ಯ 16 ಸೆಂಟಿಮೀಟರಿನ ರಟ್ಟಿನ ಬಿಲ್ಲೆ. ಎರಡರ ನಡುವೆ ಹದಿನೇಳೂವರೆ ಮೀಟರ್. ಬಿಲ್ಲೆ ಹಿಡಿದವನು ಧ್ವಜಸ್ತಂಭದ ಹತ್ತಿರ, ಅಂಗೈಯಲ್ಲಿ ರಾಗಿ ಇಟ್ಟುಕೊಂಡವಳು ಬೇವಿನ ಮರದ ಕೆಳಗೆ. ನೆಪ್ಚೂನ್ ಎಲ್ಲಿ ಅಂದರೆ ಗೇಟು ದಾಟಿ, ರಸ್ತೆ ದಾಟಿ, ಅರ್ಧ ಕಿಲೋಮೀಟರ್ ಆಚೆ ನಾಲೆ ಏರಿಯ ಮೇಲೆ. ಇದಾದ ಮೇಲೆ ಅದೇ ಅನಿಮೇಶನ್ ಹಾಕಿ, ಇದರಲ್ಲಿ ಏನೇನು ತಪ್ಪಿದೆ ಪಟ್ಟಿ ಮಾಡಿ ಅನ್ನುತ್ತೇನೆ. ತಪ್ಪು ಹುಡುಕಲು ಕೊಟ್ಟಾಗ ಅವರು ಎಷ್ಟು ಸೂಕ್ಷ್ಮವಾಗಿ ನೋಡುತ್ತಾರೆ ಅನ್ನುವುದನ್ನು ನೀವೇ ಕಾಣಬೇಕು.

ಆಮ್ಲ, ಪ್ರತ್ಯಾಮ್ಲದ ಪಾಠಕ್ಕೂ ಫೆಟ್‌ನಲ್ಲಿ ಪಿಎಚ್ ಮಾಪನದ ಸಿಮ್ಯುಲೇಶನ್ ಇದೆ. ಹಾಲು, ಕಾಫಿ, ಕಿತ್ತಳೆ ರಸ, ಕೋಳಿ ಸೂಪು ಎಲ್ಲ ಅದರಲ್ಲಿವೆ. ಕಬ್ಬಿನ ಹಾಲಿಲ್ಲ. ಅದನ್ನು ಆಲೆಮನೆಯಿಂದ ಬಾಟಲಿಯಲ್ಲಿ ತರಿಸಿ, ಪಿಎಚ್ ಕಾಗದ ಅದ್ದಿಸಿ. ತಾಜಾ ಕಬ್ಬಿನ ಹಾಲು ಸ್ವಲ್ಪ ಆಮ್ಲೀಯ. ಬೆಲ್ಲ ಮಾಡುವವರು ಕೊಪ್ಪರಿಗೆಗೆ ಸುಣ್ಣ ಹಾಕುವುದು ಯಾಕೆ ಅಂತ ಆಗ ತಾನಾಗಿ ಮಾತು ಬರುತ್ತದೆ. ಇಲ್ಲಿ ಸಿಮ್ಯುಲೇಶನ್ ಬರೀ ಪೀಠಿಕೆ.

ಕೈಯಲ್ಲಿ ಮಾಡುವುದಕ್ಕೆ ಅರವಿಂದ ಗುಪ್ತಾ ಅವರ ಕಸದಿಂದ ಆಟಿಕೆಗಳ ವೆಬ್‌ಸೈಟ್ ನೋಡಿ. ಸೆಲ್ಲು, ಅಯಸ್ಕಾಂತ, ಎರಡು ಪಿನ್ನು, ತಾಮ್ರದ ಸುರುಳಿಯಲ್ಲಿ ಮಾಡುವ ಮೋಟಾರು ನಮ್ಮಲ್ಲಿ ಪ್ರತಿ ವರ್ಷ ನಡೆಯುತ್ತದೆ. ಲೇಪನವಿರುವ ತಂತಿಯೇ ಬೇಕು. ಅದನ್ನು ದುಡ್ಡು ಕೊಟ್ಟು ತರಬೇಕಿಲ್ಲ. ಪಂಪ್‌ಸೆಟ್ ರಿವೈಂಡಿಂಗ್ ಅಂಗಡಿಯಲ್ಲಿ ಚೂರುಗಳನ್ನು ಕೇಳಿದರೆ ಕೊಡುತ್ತಾರೆ. ಸುರುಳಿಯ ಒಂದು ತುದಿಯ ಲೇಪನವನ್ನು ಪೂರ್ತಿ ಕೆರೆಯಿರಿ, ಇನ್ನೊಂದರದ್ದು ಅರ್ಧ ಸುತ್ತು ಮಾತ್ರ. ಎರಡನ್ನೂ ಪೂರ್ತಿ ಕೆರೆದರೆ ಸುರುಳಿ ಅಲ್ಲೇ ತೂಗಾಡಿ ನಿಲ್ಲುತ್ತದೆ. ಹಾಗೆ ನಿಂತವರ ಮೋಟಾರನ್ನು ನೀವು ಸರಿ ಮಾಡಿಕೊಡಬೇಡಿ, ವಿಡಿಯೊವನ್ನೇ ಮತ್ತೆ ಹಾಕಿ, ಅವರೇ ಕಂಡುಕೊಳ್ಳಲಿ.

ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಲ್ಲಿ ತೆರೆಯುವ, ಸರ್ಕಾರದ ಆನ್‌ಲೈನ್ ಕಲಿಕಾ ತಾಣ ದೀಕ್ಷಾದ ವಿಡಿಯೊಗಳು ಪುನರಾವರ್ತನೆಗೆ ಪರವಾಗಿಲ್ಲ. ಆದರೆ ಮನೆಕೆಲಸವಾಗಿ ಕೊಡಬೇಡಿ. ನಮ್ಮ ಮಕ್ಕಳ ಮನೆಯಲ್ಲಿ ಫೋನ್ ಇರುವುದು ಒಂದು, ಅದು ಅಪ್ಪನ ಜೇಬಿನಲ್ಲಿ, ಅಪ್ಪ ಗದ್ದೆಯಲ್ಲಿ. ನೋಡಲಾಗದ ಮಗು ಮಾರನೇ ದಿನ ತಲೆ ತಗ್ಗಿಸಿ ಕೂರುವುದನ್ನು ನನ್ನ ಕೈಯಲ್ಲಿ ನೋಡಲಾಗದು.

ಇಂಗ್ಲಿಷ್ ವಿಡಿಯೊ ಆದರೆ ಸದ್ದು ಪೂರ್ತಿ ತೆಗೆದು ನೀವೇ ಕನ್ನಡದಲ್ಲಿ ಹೇಳಿ. ಮೂರು ನಿಮಿಷ ಮೀರುವುದು ಬೇಡ, ನಡುವೆ ಎರಡು ಸಲ ನಿಲ್ಲಿಸಿ "ಈಗ ಏನಾಗುತ್ತೆ?" ಅಂತ ಕೇಳಿ. ಫೆಟ್ ಸಿಮ್ಯುಲೇಶನ್‌ಗಳಲ್ಲಿ ಕನ್ನಡಕ್ಕೆ ಬಂದಿರುವವೂ ಇವೆ, ಭಾಷೆಯ ಪಟ್ಟಿಯಲ್ಲಿ ಹುಡುಕಿ. ಒಂದೊಂದು ಸಿಮ್ಯುಲೇಶನ್ನೂ ಒಂದೇ ಫೈಲಾಗಿ ಡೌನ್‌ಲೋಡ್ ಆಗುತ್ತದೆ, ಆಮೇಲೆ ನೆಟ್ ಬೇಡವೇ ಬೇಡ. ಟಿವಿಗೆ ನೇರ ಪೆನ್‌ಡ್ರೈವ್ ಹಾಕಿದರೆ ವಿಡಿಯೊ ಓಡುತ್ತದೆ, ಆದರೆ ಸಿಮ್ಯುಲೇಶನ್ ತೆರೆಯದೆ ಇರಬಹುದು. ಒಂದು ಹಳೇ ಲ್ಯಾಪ್‌ಟಾಪ್, ಒಂದು ಎಚ್‌ಡಿಎಂಐ ಕೇಬಲ್ ಹೊಂದಿಸಿಕೊಳ್ಳಿ. ಭಾನುವಾರ ಮನೆಯಲ್ಲೇ ಒಮ್ಮೆ ಓಡಿಸಿ ನೋಡದೆ ಯಾವುದನ್ನೂ ತರಗತಿಗೆ ಒಯ್ಯಬೇಡಿ.

ನಿಮ್ಮ ಕಡೆಗೆ ಗೊರೂರಿನ ಹೇಮಾವತಿ ಜಲಾಶಯವೇ ಇದೆಯಲ್ಲ, ಅದರ ಗ್ರಾಫ್ ಶುರು ಮಾಡಿ. ಅದರ ಪೂರ್ಣ ಮಟ್ಟ 2,922 ಅಡಿ ಅಂತ ಇರುತ್ತದೆ, ನಮ್ಮದು 124.80. ನಿಮ್ಮ ಕಟ್ಟೆ ಅಷ್ಟು ಎತ್ತರವಾ ಅಂತ ಮಕ್ಕಳು ಖಂಡಿತ ಕೇಳುತ್ತಾರೆ. ಅದನ್ನು ಸಮುದ್ರ ಮಟ್ಟದಿಂದ ಅಳೆಯುತ್ತಾರೆ, ಇದನ್ನು ಹಾಗಲ್ಲ. ಸೊನ್ನೆಯನ್ನು ಎಲ್ಲಿಡುತ್ತೇವೆ ಅನ್ನುವ ಪಾಠ ಅಲ್ಲಿಂದಲೇ ಶುರುವಾಗಲಿ. ನಿಮ್ಮ ಹೇಮಾವತಿ ಬಂದು ಸೇರುವುದು ನಮ್ಮ ಕೆಆರ್‌ಎಸ್ ಹಿನ್ನೀರಿಗೆ. ನಿಮ್ಮಲ್ಲಿ ಹೊರಹರಿವು ಏರಿದ ದಿನವನ್ನು ನಿಮ್ಮ ಮಕ್ಕಳು ಬರೆದಿಡಲಿ, ನಮ್ಮಲ್ಲಿ ಒಳಹರಿವು ಏರಿದ ದಿನವನ್ನು ನಮ್ಮವರು ಬರೆದಿಡುತ್ತಾರೆ. ದಸರಾ ರಜೆಗೆ ಮೊದಲು ಎರಡೂ ಶಾಲೆಯ ಹಾಳೆಗಳ ಫೋಟೊ ಅದಲುಬದಲು ಮಾಡಿಕೊಂಡು, ನೀರು ಅಲ್ಲಿಂದ ಇಲ್ಲಿಗೆ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಮಕ್ಕಳಿಂದಲೇ ಲೆಕ್ಕ ಹಾಕಿಸೋಣ. ನೀವು ಒಪ್ಪಿದರೆ ಇಲ್ಲೇ ಕೆಳಗೆ ಒಂದು ಮಾತು ಬರೆಯಿರಿ ಸರ್.