ನನ್ನೊಬ್ಬಳ ಹೆಸರಿನ ಮಸಾಲೆಪುಡಿ ವ್ಯಾಪಾರ ಬೆಳೆದಿದೆ. ಪ್ರೈವೇಟ್ ಲಿಮಿಟೆಡ್ ಮಾಡುವುದು ಹೇಗೆ?

ಪ್ರೊಪ್ರೈಟರ್‌ಶಿಪ್, ಅಂದರೆ ಒಬ್ಬರದೇ ಹೆಸರಿನ ವ್ಯಾಪಾರ, ಕಾನೂನಿಗೆ ನೀವೇ. ಪ್ಯಾನ್ ಕೂಡ ನಿಮ್ಮದೇ ಅಲ್ವಾ? ಹಾಗಾಗಿ ಮೊದಲು ಹೊಸ ಕಂಪನಿ ನೋಂದಾಯಿಸಿ, ಆಮೇಲೆ ಒಪ್ಪಂದ ಬರೆದು ವ್ಯಾಪಾರವನ್ನು ಅದಕ್ಕೆ ವರ್ಗಾಯಿಸಬೇಕು. ಕನಿಷ್ಠ 2 ಷೇರುದಾರರು, 2 ನಿರ್ದೇಶಕರು ಬೇಕು. ಮನೆಯವರೊಬ್ಬರು ಜೊತೆಯಾದರೆ ಸಾಕು.

ಜಾಸ್ತಿ ಜನ ಎಡವುವುದು ತೆರಿಗೆಯಲ್ಲಿ. ವ್ಯಾಪಾರದ ಆಸ್ತಿ, ಸಾಲ ಎಲ್ಲವೂ ಕಂಪನಿಗೆ ಹೋಗಬೇಕು. ಬದಲಿಗೆ ನಿಮಗೆ ಬರುವುದು ಷೇರು ಮಾತ್ರ ಆಗಿರಬೇಕು. ಮತದ ಹಕ್ಕಿನಲ್ಲಿ ಕನಿಷ್ಠ 50% ಪಾಲು 5 ವರ್ಷ ನಿಮ್ಮ ಬಳಿಯೇ ಇರಬೇಕು. ಆಗ ಕ್ಯಾಪಿಟಲ್ ಗೇನ್ಸ್ ತೆರಿಗೆ (ಆಸ್ತಿ ವರ್ಗಾಯಿಸಿದಾಗಿನ ಲಾಭದ ಮೇಲಿನ ತೆರಿಗೆ) ಬೀಳುವುದಿಲ್ಲ. ಪುಡಿ ಮಾಡುವ ಮೆಷಿನ್ ಒಂದನ್ನು ಸುಮ್ನೆ ನಿಮ್ಮ ಹೆಸರಲ್ಲೇ ಉಳಿಸಿಕೊಳ್ಳಬೇಡಿ.

ಜಿಎಸ್‌ಟಿ ನಂಬರ್ ಹೊಸದಾಗಿ ಬೇಕು. ಹಳೆಯ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ, ಇನ್ನೂ ಬಳಸದ ಜಿಎಸ್‌ಟಿ) ಅನ್ನು ಐಟಿಸಿ-02 ಫಾರ್ಮ್‌ನಲ್ಲಿ ದಾಟಿಸಿದ ಮೇಲಷ್ಟೇ ಹಳೆಯ ನೋಂದಣಿ ರದ್ದು ಮಾಡಿಸಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಸರ್ಕಾರಿ ಸಂಸ್ಥೆ) ಲೈಸೆನ್ಸ್ ಕೂಡ ಕಂಪನಿ ಹೆಸರಲ್ಲಿ ಬೇಕು, ಕವರ್ ಮೇಲಿನ ಲೈಸೆನ್ಸ್ ನಂಬರ್ ಬದಲಾಗುವುದರಿಂದ ಅಲ್ಲಿಯವರೆಗೆ ಪ್ಯಾಕೆಟ್ ಕವರ್ ಜಾಸ್ತಿ ಪ್ರಿಂಟ್ ಹಾಕಿಸಬೇಡಿ.