ಜಿಲ್ಲಾ ಆಸ್ಪತ್ರೆಯಲ್ಲಿ ಅಪರೂಪದ ಕೇಸ್ ಸಿಕ್ಕಿದೆ. ಬೇಗ ಪ್ರಕಟಿಸುವುದು ಹೇಗೆ? ಇಲ್ಲಿದ್ದುಕೊಂಡೇ ರಿಸರ್ಚ್ ಸಾಧ್ಯವಾ, ಬೆಂಗಳೂರಿಗೆ ಹೋಗಬೇಕಾ?

"ಶುಗರ್ ಇರುವ ರೈತ, ಮೊಣಕಾಲಿನಲ್ಲಿ ಕೀವು, ಜ್ವರ ಇಳಿಯುತ್ತಿಲ್ಲ, ಕಲ್ಚರ್‌ನಲ್ಲಿ ಸ್ಯೂಡೊಮೊನಾಸ್ ಸ್ಪೀಶೀಸ್ ಅಂತ ಬಂದಿದೆ" ಎಂದು ಬರೆದಿದ್ದೀರಲ್ಲ, ಆ ಸಾಲಿಗೆ ಬಂದಾಗ ನನಗೆ ಮುಂದೆ ಓದಲು ಆಗಲಿಲ್ಲ. ಎದ್ದು ನೀರು ಕುಡಿದು ಬಂದು ಕೂತೆ. ಸ್ಯೂಡೊಮೊನಾಸ್ ಸ್ಪೀಶೀಸ್. ಕೀವನ್ನೋ ರಕ್ತವನ್ನೋ ಲ್ಯಾಬಿನಲ್ಲಿ ಬೆಳೆಸಿ ನೋಡಿದಾಗ, ಅಂದರೆ ಕಲ್ಚರ್ ಮಾಡಿದಾಗ, ಸಿಕ್ಕ ಕ್ರಿಮಿಗೆ ಕೊಡುವ ಒಂದು ಗುಂಪಿನ ಹೆಸರು. ಇದೇ ಎರಡು ಪದ ಹದಿಮೂರು ವರ್ಷದ ಹಿಂದೆ ನನ್ನ ಕೈಗೂ ಬಂದಿದ್ದವು. ಅವುಗಳ ಹಿಂದೆ ಅಡಗಿದ್ದದ್ದು ಮೆಲಿಯೊಯಿಡೋಸಿಸ್, ಮಣ್ಣು ನೀರಿನಲ್ಲಿರುವ ಕ್ರಿಮಿಯಿಂದ ಬರುವ ಸೋಂಕು.

ಕರಾವಳಿಯ ಒಂದು ಸರ್ಕಾರಿ ಆಸ್ಪತ್ರೆ. ಜುಲೈ ತಿಂಗಳು, ನಾಟಿ ಸಮಯ. ಮೆಡಿಸಿನ್ ವಾರ್ಡಿನಲ್ಲಿ ನಾನು ಜೂನಿಯರ್. ಡೆಂಗಿ, ಮಲೇರಿಯಾ, ಇಲಿ ಜ್ವರ ಎಲ್ಲ ಒಟ್ಟಿಗೆ ಬರುವ ಕಾಲ ಅದು. ಮಂಚ ಸಾಲದೆ ನೆಲದ ಮೇಲೂ ಹಾಸಿಗೆ ಹಾಕಿದ್ದೆವು. ಕಾರಿಡಾರಿನಲ್ಲಿ ಒದ್ದೆ ಕೊಡೆಗಳ ಸಾಲು. ಅಂಥ ಒಂದು ಸಂಜೆ ಐವತ್ತರ ಆಸುಪಾಸಿನ ಒಬ್ಬರನ್ನು ಅವರ ಹೆಂಡತಿ ಕರೆದುಕೊಂಡು ಬಂದರು. ಹದಿನೈದು ದಿನದಿಂದ ಜ್ವರ. ಕೆಮ್ಮು. ಅಂಗಿ ಮೈಮೇಲೆ ಜೋಲುತ್ತಿತ್ತು, ಅಷ್ಟು ಇಳಿದುಹೋಗಿದ್ದರು. ಶುಗರ್ 340. ಮಾತ್ರೆ ಬಿಟ್ಟು ವರ್ಷವಾಗಿತ್ತು. ಕಾಲಿನ ಉಗುರುಗಳ ಸಂದಿಯಲ್ಲಿ ಗದ್ದೆಯ ಕೆಸರು ಇನ್ನೂ ಕಪ್ಪಗೆ ಕೂತಿತ್ತು. ಅದನ್ನು ನಾನು ಕಣ್ಣಾರೆ ನೋಡಿದ್ದೆ. ನೋಡಿದ್ದೆ ಅನ್ನುವುದೇ ನನ್ನನ್ನು ಇವತ್ತಿಗೂ ಕಾಡುವುದು.

ಮಲೇರಿಯಾ ಇಲ್ಲ, ಡೆಂಗಿ ಇಲ್ಲ. ಎಕ್ಸ್‌ರೇಯಲ್ಲಿ ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿ ಮಚ್ಚೆ. ಸ್ಕ್ಯಾನಿನಲ್ಲಿ ಗುಲ್ಮದೊಳಗೆ (ಸ್ಪ್ಲೀನ್) ಸಣ್ಣ ಸಣ್ಣ ಕೀವಿನ ಗುಳ್ಳೆಗಳು. ಕಫ ಎರಡು ಸಲ ನೋಡಿದರೂ ಟಿಬಿ ಕ್ರಿಮಿ ಕಾಣಲಿಲ್ಲ. ಬ್ಲಡ್ ಕಲ್ಚರ್ ಕಳಿಸಿ ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯಾಟಿಕ್ ಶುರು ಮಾಡಿದೆವು.

ತಪ್ಪು ನಡೆದದ್ದು ಇಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕಲ್ಚರ್ ಬಾಟಲಿ ಜೊತೆ ಲ್ಯಾಬಿಗೆ ಒಂದು ಫಾರಂ ಹೋಗುತ್ತದೆ. ಹೆಸರು, ವಯಸ್ಸು, ಐಪಿ ನಂಬರ್, ವಾರ್ಡ್. ಕೆಳಗೆ ಎರಡು ಗೆರೆ ಖಾಲಿ ಜಾಗ, ರೋಗಿಯ ವಿವರ ಬರೆಯಲಿಕ್ಕೆ. ನಾನು ಅಲ್ಲಿ ಬರೆದದ್ದು ಮೂರೇ ಅಕ್ಷರ: ಪಿಯುಓ. ಕಾರಣ ತಿಳಿಯದ ಜ್ವರ ಅಂತ. ಆ ದಿನ ಕಳಿಸಿದ ಎಲ್ಲ ಫಾರಂಗಳಲ್ಲೂ ಅದನ್ನೇ ಬರೆದಿದ್ದೆ. ಸೀನಿಯರ್‌ಗಳೂ ಅದನ್ನೇ ಬರೆಯುತ್ತಿದ್ದರು.

ಈಗ ಲ್ಯಾಬಿನ ಕಡೆಯಿಂದ ನೋಡಿ. ಅಲ್ಲಿ ಕೂತ ಟೆಕ್ನಿಷಿಯನ್ ರೋಗಿಯನ್ನು ನೋಡಿಲ್ಲ. ಉಗುರಿನ ಕೆಸರು ನೋಡಿಲ್ಲ. ಶುಗರ್ ಗೊತ್ತಿಲ್ಲ, ಸ್ಕ್ಯಾನ್ ಗೊತ್ತಿಲ್ಲ. ಎರಡು ಬಾಟಲಿಯಲ್ಲಿ ಒಂದರಲ್ಲಿ ಮಾತ್ರ ಏನೋ ಬೆಳೆದಿದೆ. ಕ್ರಿಮಿ ಗುರುತಿಸುವ ಸಾಮಾನ್ಯ ಪರೀಕ್ಷೆಗಳಲ್ಲಿ ಕಂಡದ್ದು ಇಷ್ಟು: ಗ್ರಾಂ ನೆಗೆಟಿವ್, ಆಕ್ಸಿಡೇಸ್ ಪಾಸಿಟಿವ್, ಕ್ರಿಮಿ ಬೆಳೆಸುವ ಮ್ಯಾಕಾಂಕಿ ಪ್ಲೇಟಿನಲ್ಲಿ ಲ್ಯಾಕ್ಟೋಸ್ ಹುದುಗಿಸಿಲ್ಲ. ಇಂಥದ್ದಕ್ಕೆ ಸಣ್ಣ ಲ್ಯಾಬ್‌ಗಳು ಕೊಡುವ ಹೆಸರು ಸ್ಯೂಡೊಮೊನಾಸ್ ಸ್ಪೀಶೀಸ್. ಚರ್ಮದಿಂದಲೋ ನೀರಿನಿಂದಲೋ ಬಂದು ಸೇರಿರಬಹುದು ಅಂತ ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ ಕಳಿಸಿದರು. ಪಿಯುಓ ಅಂತ ಬರೆದವನಿಗೆ ಅದಕ್ಕಿಂತ ಜಾಸ್ತಿ ಉತ್ತರ ಕೊಡಲು ಅವರ ಹತ್ತಿರ ಏನಿತ್ತು?

ಅದೇ ಎರಡು ಗೆರೆಯಲ್ಲಿ "ಶುಗರ್ ಇದೆ, ಗದ್ದೆ ಕೆಲಸ, ಮಳೆಗಾಲ, ಗುಲ್ಮದಲ್ಲಿ ಕೀವು, ಶ್ವಾಸಕೋಶದಲ್ಲಿ ಮಚ್ಚೆ, ಕಫದಲ್ಲಿ ಟಿಬಿ ಇಲ್ಲ" ಎಂದು ಬರೆದಿದ್ದರೆ? ಬರೆಯಲು ಅರ್ಧ ನಿಮಿಷ. ಓದಿದವರು ಪ್ಲೇಟನ್ನು ಇನ್ನೆರಡು ದಿನ ಇಟ್ಟು ನೋಡುತ್ತಿದ್ದರು. ಮೆಲಿಯೊಯಿಡೋಸಿಸ್ ಕ್ರಿಮಿಯ ಕಾಲೊನಿಗಳು (ಪ್ಲೇಟಿನ ಮೇಲೆ ಬೆಳೆದ ಚುಕ್ಕೆಗಳು) ದಿನ ಕಳೆದ ಹಾಗೆ ಒಣಗಿ ಸುಕ್ಕುಗಟ್ಟುತ್ತವೆ. ಗ್ರಾಂ ಸ್ಟೇನಿನಲ್ಲಿ, ಅಂದರೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಎರಡು ತುದಿ ಮಾತ್ರ ಬಣ್ಣ ಹಿಡಿದು ಸೇಫ್ಟಿ ಪಿನ್ ಥರ ಕಾಣುತ್ತದೆ. ಆಂಟಿಬಯಾಟಿಕ್‌ಗಳಲ್ಲಿ ಜೆಂಟಾಮೈಸಿನ್‌ಗೂ ಕೊಲಿಸ್ಟಿನ್‌ಗೂ ಬಗ್ಗುವುದಿಲ್ಲ, ಅಮೋಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಬಗ್ಗುತ್ತದೆ. ಈ ಮೂರೂ ಒಟ್ಟಿಗೆ ಕಂಡರೆ ಯಾವ ಸಣ್ಣ ಲ್ಯಾಬಿನಲ್ಲೂ ಅನುಮಾನ ಹುಟ್ಟಬೇಕು. ಆದರೆ ಹುಡುಕು ಅಂತ ಹೇಳಬೇಕಾದವನು ನಾನು. ನಾನು ಹೇಳಲಿಲ್ಲ. ರಿಪೋರ್ಟ್ ಬಂದಾಗ ಕೆಳಗೆ ಇಳಿದುಹೋಗಿ ಕೇಳಲೂ ಇಲ್ಲ. ಲ್ಯಾಬ್ ಇದ್ದದ್ದು ಒಂದು ಮಹಡಿ ಕೆಳಗೆ. ಪ್ರಶ್ನೆ ಚಿಹ್ನೆ ನೋಡಿದೆ, ಬೆರಕೆ ಅಂತ ತೀರ್ಮಾನಿಸಿ ಕೇಸ್ ಶೀಟಿಗೆ ಪಿನ್ ಹೊಡೆದೆ. ಪ್ಲೇಟ್ ಆಟೋಕ್ಲೇವ್‌ಗೆ, ಅಂದರೆ ಹಬೆಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲುವ ಯಂತ್ರಕ್ಕೆ, ಹೋಯಿತು.

ತೂಕ ಇಳಿದಿದೆ, ಶ್ವಾಸಕೋಶದ ಮೇಲ್ಭಾಗದ ಮಚ್ಚೆ, ಶುಗರ್. ನಮ್ಮ ದೇಶದಲ್ಲಿ ಇದಕ್ಕೆ ಏನು ಹೇಳುತ್ತೇವೆ ಅಂತ ನಿಮಗೂ ಗೊತ್ತು. ಟಿಬಿ ಮಾತ್ರೆ ಕೊಟ್ಟು ಮನೆಗೆ ಕಳಿಸಿದೆವು.

ಮೂರು ವಾರಕ್ಕೆ ವಾಪಸ್ ಬಂದರು, ಆಂಬುಲೆನ್ಸಿನಲ್ಲಿ. ಬಿಪಿ ಸಿಗುತ್ತಿರಲಿಲ್ಲ. ಐಸಿಯುಗೆ ಹಾಕಿ ಮತ್ತೆ ಕಲ್ಚರ್ ಕಳಿಸಿದೆ. ಅಷ್ಟರಲ್ಲಿ ಲ್ಯಾಬಿಗೆ ಹೊಸ ಮೈಕ್ರೋಬಯಾಲಜಿ ಮೇಡಂ ಬಂದಿದ್ದರು. ಮೂರನೇ ದಿನ ಬೆಳಿಗ್ಗೆ ಅವರೇ ಫೋನ್ ಮಾಡಿದರು. "ಡಾಕ್ಟ್ರೇ, ಈ ಪೇಷಂಟ್ ಏನು ಕೆಲಸ ಮಾಡ್ತಾರೆ?" ನಾನು ಗದ್ದೆ ಅಂದೆ. "ಶುಗರ್ ಇದೆಯಾ?" ಇದೆ ಅಂದೆ. ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ, "ಮೆಲಿಯೊಯಿಡೋಸಿಸ್ ಇರಬಹುದು. ಸೆಫ್ಟಜಿಡೀಮ್ ಶುರು ಮಾಡಿ, ಇಲ್ಲ ಮೆರೊಪೆನೆಮ್. ಈಗಲೇ" ಅಂದರು. ಆಗಲೇ ಶುರು ಮಾಡಿದೆವು. ಅದೇ ಸಂಜೆ ರೋಗಿ ತೀರಿಕೊಂಡರು. ಒಂದು ಮೆಡಿಕಲ್ ಕಾಲೇಜಿನಿಂದ ಖಚಿತ ರಿಪೋರ್ಟ್ ಬಂದದ್ದು ಆರನೇ ದಿನ: ಬರ್ಕ್‌ಹೋಲ್ಡೇರಿಯಾ ಸ್ಯೂಡೊಮಲ್ಲೈ, ಮೆಲಿಯೊಯಿಡೋಸಿಸ್ ತರುವ ಕ್ರಿಮಿ.

ಮೊದಲ ಸಲವೇ ಗುರುತಿಸಿದ್ದರೆ ಬದುಕುತ್ತಿದ್ದರು ಅಂತ ಖಂಡಿತವಾಗಿ ಹೇಳಲಾರೆ. ಸರಿಯಾದ ಔಷಧ ಕೊಟ್ಟರೂ ಎಷ್ಟೋ ಜನ ಉಳಿಯದ ಕಾಯಿಲೆ ಅದು. ಆದರೆ ಸೆಫ್ಟ್ರಿಯಾಕ್ಸೋನನ್ನು ಇದಕ್ಕೆ ನೆಚ್ಚಬಾರದು, ಟಿಬಿ ಮಾತ್ರೆಯಿಂದ ಇದು ವಾಸಿಯಾಗುವುದಿಲ್ಲ. ಕನಿಷ್ಠ ಎರಡು ವಾರ ಡ್ರಿಪ್‌ನಲ್ಲಿ ಔಷಧ, ಆಮೇಲೆ ಮೂರು ತಿಂಗಳು ಕೋಟ್ರೈಮಾಕ್ಸಜೋಲ್ ಬೇಕು. ಅವರಿಗೆ ಅದು ಸಿಗಬಹುದಾಗಿದ್ದ ಮೂರು ವಾರ ನನ್ನ ಮೂರು ಅಕ್ಷರದಲ್ಲಿ ಹೋಯಿತು.

ಈಗ ನಿಮ್ಮ ಪ್ರಶ್ನೆ. ಮೊದಲು ಆ "ಅಪರೂಪ" ಅನ್ನುವ ಪದ ತೆಗೆದುಹಾಕಿ. ನನಗೂ ಅವತ್ತು ಹಾಗೇ ಅನಿಸಿತ್ತು, "ನಮ್ಮ ಜಿಲ್ಲೆಯ ಮೊದಲ ಕೇಸ್" ಅಂತ ಶೀರ್ಷಿಕೆ ಕೂಡ ಯೋಚಿಸಿದ್ದೆ. ಮೇಡಂ ಕೇಳಿದರು, "ಮೊದಲನೆಯದು ಅಂತ ಹೇಗೆ ಹೇಳ್ತೀರಿ, ಇದಕ್ಕೆ ಮುಂಚೆ ಹುಡುಕಿದ್ದೀರಾ?" ಈ ಕಾಯಿಲೆ ಹೊಸದೇನಲ್ಲ. 1911ರಲ್ಲೇ ರಂಗೂನಿನಲ್ಲಿ ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ಅನ್ನುವ ಇಬ್ಬರು ವೈದ್ಯರು ಇದನ್ನು ಗುರುತಿಸಿದರು. ಮಾರ್ಫಿನ್ ಚಟಕ್ಕೆ ಬಿದ್ದು ಸತ್ತ ಬಡವರ ಹೆಣಗಳಲ್ಲಿ, ಕುದುರೆಗಳ ಗ್ಲ್ಯಾಂಡರ್ಸ್ ಥರ ಕಾಣುವ ಕಾಯಿಲೆ ಅವರಿಗೆ ಸಿಕ್ಕಿತು. 2016ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,65,000 ಜನರಿಗೆ ಇದು ಬರುತ್ತದೆ, ಸುಮಾರು 89,000 ಜನ ಸಾಯುತ್ತಾರೆ. ದೊಡ್ಡ ಪಾಲು ನಮ್ಮ ದಕ್ಷಿಣ ಏಷ್ಯಾದ್ದೇ. ಕ್ರಿಮಿ ಇರುವುದು ಮಣ್ಣಿನಲ್ಲಿ, ಗದ್ದೆಯ ನೀರಿನಲ್ಲಿ. ಮಳೆ, ಗದ್ದೆ, ಶುಗರ್ ಮೂರೂ ಇರುವ ಊರಿನಲ್ಲಿ ಇದು ಅಪರೂಪ ಆಗುವುದು ಹೇಗೆ? ಫಾರಂನಲ್ಲಿ ಸರಿಯಾಗಿ ಬರೆಯಲು ಶುರು ಮಾಡಿದ ಮುಂದಿನ ಮಳೆಗಾಲದಲ್ಲೇ ನಮಗೆ ಇನ್ನೂ ಮೂವರು ಸಿಕ್ಕರು. ಇಬ್ಬರು ನಡೆದುಕೊಂಡು ಮನೆಗೆ ಹೋದರು.

ನಿಮ್ಮ ರೋಗಿಗೂ ಇದೇ ಇದೆ ಅಂತ ನಾನು ಹೇಳುತ್ತಿಲ್ಲ. ಇಲ್ಲಿಂದ ಕೂತು ಹೇಳಲೂಬಾರದು. ಆದರೆ ಇದನ್ನು ಹುಡುಕದೆ ಬಿಡಬಾರದು ಅಂತ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಲ್ಯಾಬಿನವರಿಗೆ ಇದನ್ನೂ ಹೇಳಿ: ಪ್ಲೇಟನ್ನು ಯಾರೂ ಮೂಸಿ ನೋಡಬಾರದು, ಸೇಫ್ಟಿ ಕ್ಯಾಬಿನೆಟ್ ಒಳಗೇ ಕೆಲಸ ಮಾಡಬೇಕು.

ಬೆಂಗಳೂರಿನ ವಿಷಯ. ಓದಲಿಕ್ಕೆ, ಡಿಗ್ರಿಗೆ ಹೋಗುವುದಾದರೆ ಹೋಗಿ, ಬೇಡ ಅನ್ನುವುದಿಲ್ಲ. ರಿಸರ್ಚ್ ಅಲ್ಲಿ ಮಾತ್ರ ಆಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇಲ್ಲಿಂದ ರೋಗಿ ಅಲ್ಲಿಗೆ ತಲುಪುವ ಹೊತ್ತಿಗೆ ಮೂರು ಆಂಟಿಬಯಾಟಿಕ್ ಆಗಿರುತ್ತದೆ, ಕಾಲಿನ ಕೆಸರು ತೊಳೆದಿರುತ್ತದೆ, ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಮೊದಲು ನೋಡುವವರು ನೀವು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಸುತ್ತಲಿನ ಹಳ್ಳಿಯವರಿಗೆ ಜ್ವರ ಬರುತ್ತಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಪತ್ತೆ ಮಾಡಿದರು. ಸತ್ತ ಮಂಗಕ್ಕೂ ಮನುಷ್ಯರ ಜ್ವರಕ್ಕೂ ಸಂಬಂಧ ಇರಬಹುದು ಅನ್ನುವ ಸುಳಿವು ಇದ್ದದ್ದು ಪುಣೆಯಲ್ಲಲ್ಲ, ಆ ಕಾಡಿನ ಅಂಚಿನಲ್ಲಿ. ಮಂಗನ ಕಾಯಿಲೆ ಅನ್ನುವ ಹೆಸರಿನಲ್ಲೇ ಅದು ಇದೆ.

ಪ್ರಕಟಿಸುವ ಬಗ್ಗೆ. ನಾನೂ ಬರೆದೆ. ಒಂದು ಜರ್ನಲ್‌ಗೆ ಕೇಸ್ ರಿಪೋರ್ಟ್ ಕಳಿಸಿದೆ. ಅಲ್ಲಿಂದ ಒಂದೇ ಪ್ರಶ್ನೆ ಬಂತು: ಜುಲೈನಲ್ಲಿ ಬೆಳೆದದ್ದೂ ಇದೇ ಕ್ರಿಮಿ ಅನ್ನುವುದಕ್ಕೆ ಏನು ಆಧಾರ? ಆಧಾರ ಆಟೋಕ್ಲೇವ್‌ನಲ್ಲಿ ಬೆಂದು ಹೋಗಿತ್ತು. ಎಂಆರ್‌ಡಿಯಿಂದ, ಅಂದರೆ ಆಸ್ಪತ್ರೆಯ ದಾಖಲೆ ವಿಭಾಗದಿಂದ, ಮೊದಲ ಕೇಸ್ ಶೀಟ್ ತೆಗೆಸಿದೆ. ಉದ್ಯೋಗದ ಜಾಗದಲ್ಲಿ "ಕೂಲಿ" ಅಂತಿತ್ತು, ಕೆಸರಿನ ಮಾತೇ ಇಲ್ಲ. ನನ್ನದೇ ಕೈಬರಹ. ಆ ಲೇಖನ ಪ್ರಕಟವಾಗಲಿಲ್ಲ, ಆಗಬಾರದಾಗಿತ್ತು ಕೂಡ. ಆದ್ದರಿಂದ ಒಂದು ಕೇಸ್ ಹಿಡಿದುಕೊಂಡು ಅವಸರ ಮಾಡಬೇಡಿ. ನಾವು ಒಂದು ಉದ್ದ ನೋಟ್‌ಬುಕ್ ಇಟ್ಟೆವು, ಲ್ಯಾಬಿನಲ್ಲೇ. ಹೆಸರಿಲ್ಲ, ನಂಬರ್ ಮಾತ್ರ. ವಯಸ್ಸು, ಕೆಲಸ, ಶುಗರ್, ಯಾವ ತಿಂಗಳು, ಏನು ಬೆಳೆಯಿತು, ಏನಾಯಿತು. ಬೆಳೆದ ಕ್ರಿಮಿಯನ್ನು ಕಾದಿಡಲು, ಖಚಿತ ಮಾಡಲು ಮೆಡಿಕಲ್ ಕಾಲೇಜಿಗೆ ಕಳಿಸುವ ಏರ್ಪಾಡು. ಲೇಖನ ಅದರಿಂದ ಹುಟ್ಟಿತು, ಮೇಡಂ ಹೆಸರು ಮೊದಲು. ಹತ್ತು ದಿನದಲ್ಲಿ ಪ್ರಕಟಿಸುತ್ತೇವೆ, ಇಷ್ಟು ಸಾವಿರ ಕಟ್ಟಿ ಅಂತ ಬರುವ ಇಮೇಲ್‌ಗಳನ್ನು ನೋಡಿದ ಕೂಡಲೇ ಅಳಿಸಿ.

ಮತ್ತೆ, ಮೊಣಕಾಲಿನ ಫೋಟೋ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಹಾಕಿದ್ದೀನಿ ಅಂದಿದ್ದೀರಿ. ಅದನ್ನು ಈಗಲೇ ತೆಗೆಯಿರಿ. ರೋಗಿಯನ್ನು ಕೇಳಿದ್ದೀರಾ? ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ, ಬರಹದಲ್ಲಿ ಒಪ್ಪಿಗೆ ತಗೊಳ್ಳಿ, ಡಿಸ್ಚಾರ್ಜಿಗೆ ಮುಂಚೆ. ಜರ್ನಲ್ ಕೇಳುತ್ತದೆ ಅನ್ನುವುದಕ್ಕಾಗಿ ಮಾತ್ರ ಹೇಳುತ್ತಿಲ್ಲ.

ನಾನು ಒಪ್ಪಿಗೆ ಕೇಳಿದ್ದು ತೀರಿಕೊಂಡ ನನ್ನ ರೋಗಿಯ ಹೆಂಡತಿಯನ್ನು, ಒಂದೂವರೆ ತಿಂಗಳಾದ ಮೇಲೆ, ಆಸ್ಪತ್ರೆಯ ಪೇಪರ್ ತಗೊಂಡುಹೋಗಲು ಬಂದಾಗ. ನಡೆದದ್ದನ್ನೆಲ್ಲ ಹೇಳಿದೆ. ಗದ್ದೆಯ ಮಣ್ಣಿನಿಂದ ಬರುವ ಕಾಯಿಲೆ, ನಾವು ಮೊದಲು ಗುರುತಿಸಲಿಲ್ಲ ಅಂತ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು, "ಹಾಗಾದ್ರೆ ಅದು ಟಿಬಿ ಅಲ್ವಾ ಡಾಕ್ಟ್ರೇ?" ಅಲ್ಲ ಅಂದೆ. "ಹರಡೋದಿಲ್ವಾ?" ಮನುಷ್ಯರಿಂದ ಮನುಷ್ಯರಿಗೆ ಹರಡುವುದು ತೀರಾ ಕಡಿಮೆ ಅಂದೆ. ಅವರು ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೂತರು. ಆ ಮೂರು ವಾರ ಗಂಡನ ತಟ್ಟೆ, ಲೋಟ ಬೇರೆ ಇಟ್ಟಿದ್ದರಂತೆ. ಹಾಸಿಗೆ ಜಗಲಿಯಲ್ಲಿ ಹಾಕಿದ್ದರಂತೆ. "ಮಗಳನ್ನು ಹತ್ತಿರ ಬಿಡಲಿಲ್ಲ ನಾನು. ಒಂದ್ಸಲ ಬಾ ಅಂತ ಕರೆದ್ರು ಅವರು." ಆಮೇಲೆ ಸಹಿ ಹಾಕಿಕೊಟ್ಟರು. ಟಿಬಿ ಅಲ್ಲ ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ, ಮನೆಯಲ್ಲಿ ತೋರಿಸಬೇಕು ಅಂದರು. ಆಸ್ಪತ್ರೆಯ ಸೀಲ್ ಹಾಕಿ ಬರೆದುಕೊಟ್ಟೆ. ನಾನು ಅಲ್ಲಿಯವರೆಗೆ ಬರೆದದ್ದರಲ್ಲಿ ಪೂರ್ತಿ ವಿವರ ಇದ್ದ ಮೊದಲ ಚೀಟಿ ಅದು.

ನಿಮ್ಮ ರಿಪೋರ್ಟ್ ನಿನ್ನೆ ಬಂದಿದೆ ಅಂದಿದ್ದೀರಿ. ಪ್ಲೇಟ್ ಇನ್ನೂ ಇರಬಹುದು. ಲ್ಯಾಬಿಗೆ ಫೋನ್ ಮಾಡಿ, ಬಿಸಾಕಬೇಡಿ ಅಂತ ಹೇಳಿ. ಆಮೇಲೆ ಕೇಸ್ ಶೀಟ್ ತಗೊಂಡು ನೀವೇ ಇಳಿದುಹೋಗಿ.