ಸದಸ್ಯತ್ವದ ದುಡ್ಡು ನಿಮ್ಮ ಕಾರ್ಡಿನಿಂದಲೇ ಹೋಗಲಿ

ನೀವು ಬರೆದದ್ದು ಓದಿದೆ. ಕೆನಡಾಕ್ಕೆ ಬಂದು ಎಂಟು ತಿಂಗಳು, ಪಿಆರ್ ಕಾರ್ಡ್, ಅಂದರೆ ಇಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿ, ಕೈಯಲ್ಲಿದೆ. ನಿಮ್ಮ ಕ್ಷೇತ್ರದ ಎಂಪಿ ರಾಜೀನಾಮೆ ಕೊಟ್ಟಿದ್ದಾರೆ, ಉಪಚುನಾವಣೆ ಬರುತ್ತದೆ ಅಂತ ಸುದ್ದಿ. ಯುಗಾದಿ ಕಾರ್ಯಕ್ರಮದಲ್ಲಿ ಪರಿಚಯವಾದ ಊರ ಕಡೆಯವರೊಬ್ಬರು ಮನೆಗೆ ಬಂದು, "ಪಕ್ಷದ ಸದಸ್ಯತ್ವದ ಒಂದು ಫಾರಂ ತುಂಬಿ ಸಾಕು, ನಮ್ಮವರಿಗೆ ನಾಮಿನೇಷನ್, ಅಂದ್ರೆ ಪಕ್ಷದ ಟಿಕೆಟ್, ಸಿಗಬೇಕು. ದುಡ್ಡು ನಾವೇ ಕಟ್ಕೋತೀವಿ" ಅಂದಿದ್ದಾರೆ. "ಅಕ್ಕಾ, ನನಗೆ ಇಲ್ಲಿ ವೋಟೇ ಇಲ್ಲ, ನನ್ನ ಸಹಿ ಇವರಿಗೆ ಯಾಕೆ? ಮುಂದೆ ಸಿಟಿಜನ್‌ಶಿಪ್‌ಗೆ ತೊಂದರೆ ಆಗುತ್ತಾ?" ಅಂತ ಕೇಳಿದ್ದೀರಿ.

ತೊಂದರೆಯ ಮಾತು ಮೊದಲು ಮುಗಿಸಿಬಿಡೋಣ. ಪಿಆರ್ ಇರುವವರು ಇಲ್ಲಿ ಪಕ್ಷದ ಸದಸ್ಯರಾಗಬಹುದು. ದೇಣಿಗೆ ಕೊಡುವುದಕ್ಕೂ ಕಾನೂನಿನ ಅಡ್ಡಿ ಇಲ್ಲ. ಸ್ಟಡಿ ಪರ್ಮಿಟ್, ವರ್ಕ್ ಪರ್ಮಿಟ್ ಮೇಲೆ ಇರುವವರು ಮಾತ್ರ ದೇಣಿಗೆ ಕೊಡುವ ಹಾಗಿಲ್ಲ. ಆ ಭಯ ಬಿಡಿ. ನನ್ನನ್ನು ಕುಟುಕಿದ್ದು ಇನ್ನೊಂದು ಮಾತು: "ದುಡ್ಡು ನಾವೇ ಕಟ್ಕೋತೀವಿ."

ನಾವು ಬಂದ ಎರಡನೇ ವರ್ಷ ನಮಗೂ ಹೀಗೇ ಆಯಿತು. ತುಂಬಾ ಒಳ್ಳೆಯವರು, ಚಳಿಗಾಲದಲ್ಲಿ ಮಗುವಿಗೆ ಬೂಟು ಕೊಡಿಸಿದವರು. ಅವರು ಕೇಳಿದಾಗ ಇಲ್ಲ ಅನ್ನುವುದು ಹೇಗೆ? ನಾನು, ನಮ್ಮ ಮನೆಯವರು ಇಬ್ಬರೂ ಸಹಿ ಹಾಕಿದೆವು. ಯಾವ ಪಕ್ಷ ಅಂತಲೂ ಸರಿಯಾಗಿ ನೋಡಲಿಲ್ಲ. ಎರಡು ತಿಂಗಳಾದ ಮೇಲೆ ಪಕ್ಷದಿಂದ ಫೋನ್ ಬಂತು. ಹೆಂಗಸೊಬ್ಬಳು ತುಂಬಾ ಮರ್ಯಾದೆಯಿಂದ, "ಸದಸ್ಯತ್ವದ ಹಣ ನೀವೇ ಕೊಟ್ಟಿರಾ?" ಅಂತ ಕೇಳಿದಳು. ಒಲೆಯ ಮೇಲೆ ಒಗ್ಗರಣೆ ಸೀಯುತ್ತಿತ್ತು, ನಾನು ಮಾತು ಬಾರದೆ ನಿಂತಿದ್ದೆ. ಹೌದು ಅಂದರೆ ಸುಳ್ಳು. ಇಲ್ಲ ಅಂದರೆ ಬೂಟು ಕೊಡಿಸಿದವರಿಗೆ ಕುತ್ತು. ಕೊನೆಗೆ ಇಲ್ಲ ಅಂದೆ. ನಮ್ಮ ಹೆಸರು ಹೊಡೆದು ಹಾಕಿದರು. ಒಬ್ಬರ ಸದಸ್ಯತ್ವದ ದುಡ್ಡು ಇನ್ನೊಬ್ಬರು ಕಟ್ಟುವುದು ನಿಯಮಕ್ಕೆ ವಿರುದ್ಧ ಅಂತ ಗೊತ್ತಾಗಿದ್ದೇ ಆವತ್ತು. ಆ ಸ್ನೇಹ ಆಮೇಲೆ ಮೊದಲಿನಂತಾಗಲಿಲ್ಲ.

ಈಗ ನಿಮ್ಮ ಸಹಿಗೆ ಯಾಕಿಷ್ಟು ಬೆಲೆ ಅನ್ನುವುದಕ್ಕೆ ಬರುತ್ತೇನೆ. ನಮ್ಮಲ್ಲಿ ಟಿಕೆಟ್ ಅಂದರೆ ಹೈಕಮಾಂಡ್, ದೆಹಲಿ, ಬಿ ಫಾರಂ. 2024ರಲ್ಲಿ ಚನ್ನಪಟ್ಟಣದ ಉಪಚುನಾವಣೆಗೆ ಮುಂಚೆ ಯೋಗೇಶ್ವರ್ ಬಿಜೆಪಿ ಬಿಟ್ಟು ಕಾಂಗ್ರೆಸ್ಸಿಗೆ ಹೋಗಿ ಟಿಕೆಟ್ ತಗೊಂಡು ಗೆದ್ದದ್ದು ನೆನಪಿರಬೇಕಲ್ವಾ? ಅಲ್ಲಿ ಸದಸ್ಯರನ್ನು ಯಾರೂ ಕೇಳಲಿಲ್ಲ. ಇಲ್ಲಿ ಲೆಕ್ಕ ಬೇರೆ. ಆ ಕ್ಷೇತ್ರದಲ್ಲಿ ವಾಸ ಮಾಡುವ ಪಕ್ಷದ ಸದಸ್ಯರು ಒಂದು ದಿನ ಸೇರಿ ವೋಟು ಹಾಕಿ ಅಭ್ಯರ್ಥಿಯನ್ನು ಆರಿಸಬೇಕು. ಇದಕ್ಕೇ ನಾಮಿನೇಷನ್ ಅನ್ನುವುದು. ಕ್ಷೇತ್ರಕ್ಕೆ ಇಲ್ಲಿ ರೈಡಿಂಗ್ ಅನ್ನುತ್ತಾರೆ, ಒಟ್ಟು 343 ಇವೆ.

ಪಾರ್ಲಿಮೆಂಟ್ ಚುನಾವಣೆಗೆ 18 ತುಂಬಿದ ಕೆನಡಾ ಪ್ರಜೆಯೇ ಆಗಬೇಕು. ನಾಮಿನೇಷನ್‌ಗೆ ಹಾಗಲ್ಲ. ಇಲ್ಲಿನ ದೊಡ್ಡ ಪಕ್ಷಗಳಾದ ಲಿಬರಲ್, ಕನ್ಸರ್ವೇಟಿವ್ ಎರಡರಲ್ಲೂ 14 ವರ್ಷದ ಹುಡುಗರೂ ಸೇರಬಹುದು, ಪಿಆರ್ ಇದ್ದವರೂ ಸೇರಬಹುದು. ಲಿಬರಲ್ ಪಕ್ಷ 2016ರಲ್ಲಿ ಶುಲ್ಕವನ್ನೇ ತೆಗೆದುಹಾಕಿತು, ಹೆಸರು ಬರೆಸಿದರೆ ಸಾಕು. ಒಂದು ರೈಡಿಂಗ್‌ನಲ್ಲಿ ಸರಾಸರಿ ಲಕ್ಷಕ್ಕೂ ಜಾಸ್ತಿ ಜನ ಇರುತ್ತಾರೆ. ಆದರೆ ನಾಮಿನೇಷನ್ ದಿನ ಹಾಲ್‌ಗೆ ಬರುವವರು ಕೆಲವೊಮ್ಮೆ ನಮ್ಮ ಕಡೆಯ ಒಂದು ಮದುವೆಗೆ ಬರುವಷ್ಟೂ ಇರುವುದಿಲ್ಲ. ಆ ಪಕ್ಷಕ್ಕೆ ಗಟ್ಟಿಯಾದ ಕ್ಷೇತ್ರವಾದರೆ ಎಂಪಿ ಯಾರು ಅನ್ನುವುದು ಆ ಹಾಲ್‌ನಲ್ಲೇ ತೀರ್ಮಾನವಾಗಿಬಿಡುತ್ತದೆ. ಅದಕ್ಕೇ ನಿಮ್ಮ ಮನೆಯ ಬೆಲ್ ಒತ್ತಿದ್ದು.

ಆಮೇಲೆ ಒಂದು ಸಲ ನಾನೇ ದುಡ್ಡು ಕಟ್ಟಿ, ನನ್ನ ಮನಸ್ಸಿನಿಂದಲೇ ಒಂದು ನಾಮಿನೇಷನ್‌ಗೆ ಹೋಗಿದ್ದೆ. ಭಾನುವಾರ ಮಧ್ಯಾಹ್ನ, ಕಮ್ಯುನಿಟಿ ಸೆಂಟರ್. ಹೊರಗೆ ಹಿಮ ಕರಗಿ ಕೆಸರು. ಬಾಗಿಲಲ್ಲೇ ಒಬ್ಬ ಅಭ್ಯರ್ಥಿಯ ಕಡೆಯವರು ಸಮೋಸ, ಇನ್ನೊಬ್ಬರ ಕಡೆಯವರು ಟಿಮ್ ಹಾರ್ಟನ್ಸ್ ಕಾಫಿ ಹಂಚುತ್ತಿದ್ದರು. ನಾನು ಎರಡನ್ನೂ ತಗೊಂಡೆ, ಅದು ಬೇರೆ ಮಾತು. ವ್ಯಾನುಗಳು ಬರುತ್ತಿದ್ದವು, ಸೀರೆ ಉಟ್ಟು ಮೇಲೆ ದಪ್ಪ ಜಾಕೆಟ್ ಹಾಕಿದ ಅಜ್ಜಿಯರು ಇಳಿಯುತ್ತಿದ್ದರು. ಒಳಗೆ ಹೆಸರಿನ ಅಕ್ಷರದ ಪ್ರಕಾರ ಮೇಜುಗಳು. ಫೋಟೊ ಇರುವ ಗುರುತಿನ ಚೀಟಿ ಬೇಕು, ವಿಳಾಸ ಹೊಂದಬೇಕು. ನಮ್ಮ ಮನೆಯವರ ಲೈಸೆನ್ಸ್‌ನಲ್ಲಿ ಹಳೆ ಅಪಾರ್ಟ್‌ಮೆಂಟ್ ವಿಳಾಸ ಇತ್ತು. ಹೈಡ್ರೋ ಬಿಲ್, ಅಂದರೆ ನಮ್ಮ ಕರೆಂಟ್ ಬಿಲ್ಲು, ತರುವುದಕ್ಕೆ ಮನೆಗೆ ಓಡಿದರು. ಅವರು ವಾಪಸ್ ಬರುವ ಹೊತ್ತಿಗೆ ಭಾಷಣ ಮುಗಿದಿತ್ತು. ಏನೂ ಕಳೆದುಕೊಳ್ಳಲಿಲ್ಲ ಅನ್ನಿ. ವೋಟಿನ ಚೀಟಿಯಲ್ಲಿ 1, 2, 3 ಅಂತ ನಂಬರ್ ಹಾಕಬೇಕು. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಕೊನೆಯವರನ್ನು ತೆಗೆದು, ಅವರ ಚೀಟಿಗಳಲ್ಲಿ ಎರಡನೇ ಆಯ್ಕೆ ಯಾರೋ ಅವರಿಗೆ ಸೇರಿಸುತ್ತಾರೆ. ಎಣಿಕೆ ಮುಗಿಯುವಾಗ ರಾತ್ರಿ. ವ್ಯಾನಿನಲ್ಲಿ ಬಂದ ಅಜ್ಜಿಯರು ಯಾವಾಗಲೋ ಹೊರಟುಹೋಗಿದ್ದರು. ಗೆದ್ದವರ ಹೆಸರು ಕೇಳುವುದಕ್ಕೆ ಅರ್ಧ ಹಾಲ್ ಖಾಲಿ.

ವ್ಯಾನು ಅಂದೆನಲ್ಲ. ಅದರಲ್ಲಿ ತಪ್ಪಿಲ್ಲ, ಕಾರಿಲ್ಲದವರು ಬರುವುದು ಹೇಗೆ? ಆದರೆ ಅದೇ ಸಂದಿಯಲ್ಲಿ ಬೇರೆಯವರೂ ನುಗ್ಗಬಹುದು. 2019ರಲ್ಲಿ ಟೊರಾಂಟೊದ ಡಾನ್ ವ್ಯಾಲಿ ನಾರ್ತ್‌ನ ಲಿಬರಲ್ ನಾಮಿನೇಷನ್‌ಗೆ ವಿದೇಶಿ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕರೆತಂದ ವಿಷಯ ವಿಚಾರಣಾ ಆಯೋಗದ ತನಕ ಹೋಯಿತು. ಆ ಆಯೋಗದ ನ್ಯಾಯಮೂರ್ತಿ ಮರಿ-ಜೋಸೆ ಹೋಗ್ 2024ರ ಮೇನಲ್ಲಿ ಕೊಟ್ಟ ಮೊದಲ ವರದಿಯಲ್ಲೇ, ಹೊರದೇಶಗಳಿಗೆ ಇಲ್ಲಿನ ರಾಜಕೀಯಕ್ಕೆ ನುಗ್ಗಲು ನಾಮಿನೇಷನ್ ಒಂದು ಬಾಗಿಲು ಆಗಬಹುದು ಅಂತ ಎಚ್ಚರಿಸಿದರು. 2025ರ ಜನವರಿಯಲ್ಲಿ ಲಿಬರಲ್ ಪಕ್ಷ ನಾಯಕನ ಆಯ್ಕೆಗೆ ಮುಂಚೆ ತನ್ನ ನಿಯಮ ಬಿಗಿ ಮಾಡಿತು. ವಲಸೆ ಬಂದವರೆಲ್ಲರ ಮೇಲೂ ಈಗ ಇದರ ನೆರಳು ಬೀಳುತ್ತದೆ. ಬೇರೆಯವರ ದುಡ್ಡಿನಲ್ಲಿ ಸಹಿ ಹಾಕಬೇಡಿ ಅಂತ ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಹಾಗಂತ ಇಲ್ಲಿ ಹೈಕಮಾಂಡ್ ಇಲ್ಲ ಅಂದುಕೊಳ್ಳಬೇಡಿ. ಇದೆ, ಚೆನ್ನಾಗಿಯೇ ಇದೆ. ನಾನಿರುವುದು ಒಟ್ಟಾವಾದ ನೆಪಿಯನ್‌ನಲ್ಲಿ. 2015ರಿಂದ ಮೂರು ಚುನಾವಣೆ ಗೆದ್ದು ನಮ್ಮ ಎಂಪಿ ಆಗಿದ್ದವರು ಚಂದ್ರ ಆರ್ಯ, ಶಿರಾ ತಾಲ್ಲೂಕಿನವರು. 2022ರ ಮೇ ತಿಂಗಳಲ್ಲಿ ಪಾರ್ಲಿಮೆಂಟಿನಲ್ಲಿ ಕನ್ನಡ ಮಾತಾಡಿದರಲ್ಲ, ಅವರೇ. 2025ರ ಮಾರ್ಚ್‌ನಲ್ಲಿ, ಚುನಾವಣೆ ಇನ್ನೇನು ಬಂತು ಅನ್ನುವಾಗ, ಅವರ ಲಿಬರಲ್ ಪಕ್ಷವೇ ಅವರ ನಾಮಿನೇಷನ್ ವಾಪಸ್ ತೆಗೆದುಕೊಂಡಿತು. ಒಂದೆರಡು ದಿನದಲ್ಲೇ ನೆಪಿಯನ್‌ನಿಂದ ಪ್ರಧಾನಿ ಮಾರ್ಕ್ ಕಾರ್ನಿ ನಿಲ್ಲುತ್ತಾರೆ ಅಂತ ಘೋಷಣೆ ಆಯಿತು. ಗೆದ್ದೂ ಗೆದ್ದರು. ಇಲ್ಲಿನ ಸದಸ್ಯರನ್ನು ಯಾರು ಕೇಳಿದರು? ಮತಪತ್ರದಲ್ಲಿ ಪಕ್ಷದ ಹೆಸರು ಬರಬೇಕಾದರೆ ಪಕ್ಷ ಒಪ್ಪಿ ಸಹಿ ಹಾಕಲೇಬೇಕು. ಮೊದಲು ಆ ಸಹಿ ನಾಯಕರದ್ದೇ ಆಗಬೇಕಿತ್ತು. ಕನ್ಸರ್ವೇಟಿವ್ ಎಂಪಿ ಮೈಕಲ್ ಚಾಂಗ್ ತಂದ ಸುಧಾರಣಾ ಕಾಯ್ದೆಯ ನಂತರ ಪಕ್ಷ ನೇಮಿಸಿದವರು ಹಾಕಬಹುದು. ಹೆಸರು ಬದಲಾಯಿತು, ಬಿ ಫಾರಂ ಬಿ ಫಾರಂ ಆಗಿಯೇ ಉಳಿಯಿತು.

ಉಪಚುನಾವಣೆಯಲ್ಲಂತೂ ಈ ಜಗ್ಗಾಟ ಇನ್ನೂ ಜಾಸ್ತಿ. 2023ರಲ್ಲಿ ಒಂಟಾರಿಯೊದ ಆಕ್ಸ್‌ಫರ್ಡ್ ಕ್ಷೇತ್ರ ಖಾಲಿಯಾಯಿತು. ಬಿಟ್ಟುಹೋದ ಕನ್ಸರ್ವೇಟಿವ್ ಎಂಪಿ ಡೇವ್ ಮೆಕೆಂಜಿಯವರ ಮಗಳೇ ನಾಮಿನೇಷನ್‌ಗೆ ನಿಂತಿದ್ದರು. ಗೆದ್ದವರು ಅರ್ಪಣ್ ಖನ್ನಾ, ಹೊರಗಿನಿಂದ ಬಂದವರು ಅಂತ ಸ್ಥಳೀಯರಲ್ಲಿ ಗೊಣಗಾಟ. ಕೊನೆಗೆ ಮೆಕೆಂಜಿ ಲಿಬರಲ್ ಅಭ್ಯರ್ಥಿಗೇ ಬೆಂಬಲ ಕೊಟ್ಟರು! ಇದಂತೂ ಥೇಟ್ ನಮ್ಮೂರೇ. ಆದರೂ ಖನ್ನಾ ಗೆದ್ದರು. ಮರುವರ್ಷ ಮಾಂಟ್ರಿಯಲ್‌ನ ಲಸಾಲ್–ಎಮಾರ್–ವರ್ದಂನಲ್ಲಿ ಲಿಬರಲ್ ಪಕ್ಷ ಸ್ಪರ್ಧೆಯನ್ನೇ ನಡೆಸದೆ ತಾನೇ ಒಬ್ಬರನ್ನು ಇಳಿಸಿತು. ಅಲ್ಲಿ ಆಸೆ ಇಟ್ಟುಕೊಂಡು ಓಡಾಡುತ್ತಿದ್ದವರು ಮುನಿಸಿಕೊಂಡರು. 2024ರ ಸೆಪ್ಟೆಂಬರ್ 16ರಂದು ಆ ಸೀಟು ಕೆಬೆಕ್ ಪ್ರಾಂತ್ಯದ ಪಕ್ಷ ಬ್ಲಾಕ್ ಕೆಬೆಕ್ವಾ ಪಾಲಾಯಿತು, ಅದೂ ಕೂದಲೆಳೆ ಅಂತರದಲ್ಲಿ.

ಇಷ್ಟು ಅವಸರ ಯಾಕೆ ಅಂದರೆ, ಚುನಾವಣೆ ದಿನ ಪ್ರಧಾನಿಯ ಕೈಯಲ್ಲಿರುತ್ತದೆ. ಸೀಟು ಖಾಲಿ ಅಂತ ಮುಖ್ಯ ಚುನಾವಣಾಧಿಕಾರಿಗೆ ತಿಳಿದ 11ನೇ ದಿನದಿಂದ 180ನೇ ದಿನದ ಒಳಗೆ ಯಾವಾಗ ಬೇಕಾದರೂ ಘೋಷಿಸಬಹುದು. ಪ್ರಚಾರಕ್ಕೆ 36ರಿಂದ 50 ದಿನ. ಉಳಿದ ಪಕ್ಷಗಳಿಗೆ ಯಾವಾಗ ಅಂತಲೇ ಗೊತ್ತಿರುವುದಿಲ್ಲ, ಹಾಗಾಗಿ ಮೊದಲೇ ಹೆಸರು ಗಟ್ಟಿ ಮಾಡಿಕೊಳ್ಳುತ್ತವೆ. ನಾಮಿನೇಷನ್ ಸಭೆಗೆ ಇಂಥ ದಿನದ ಒಳಗೆ ಸದಸ್ಯರಾಗಿರಬೇಕು ಅಂತ ಒಂದು ಗಡುವೂ ಇರುತ್ತದೆ. ನಿಮ್ಮ ಪರಿಚಯದವರು "ಇವತ್ತೇ ಸಹಿ ಹಾಕಿ" ಅಂದಿದ್ದರೆ ಅದು ಆ ಗಡುವಿನ ಆತುರ.

ಒಂದು ವಿಷಯ ಮಾತ್ರ ಗಮನ ಇಟ್ಟು ನೋಡಿ. ನಿಮ್ಮ ಮುಂದೆ ಬರಬಹುದಾದ ಕಾಗದ ಎರಡು. ಒಂದು ಪಕ್ಷದ ಸದಸ್ಯತ್ವ, ಅದಕ್ಕೆ ಪಿಆರ್ ಸಾಕು. ಇನ್ನೊಂದು ಚುನಾವಣಾ ಕಚೇರಿಗೆ ಕೊಡುವ ನಾಮಪತ್ರ, ಅದರಲ್ಲಿ ಆ ಕ್ಷೇತ್ರದ 100 ಮತದಾರರ ಸಹಿ ಇರಬೇಕು, ಕೆಲವು ದೊಡ್ಡ, ದೂರದ ಕ್ಷೇತ್ರಗಳಲ್ಲಿ 50. ಆ ಎರಡನೆಯದಕ್ಕೆ ನೀವು ಸಹಿ ಹಾಕುವ ಹಾಗಿಲ್ಲ, ನೀವು ಮತದಾರರಲ್ಲ. ಎರಡಕ್ಕೂ ಜನ "ನಾಮಿನೇಷನ್ ಫಾರಂ" ಅಂತಲೇ ಅನ್ನುತ್ತಾರೆ, ಅಲ್ಲೇ ಎಡವಟ್ಟಾಗುವುದು. ಫಾರಂನ ತಲೆಬರಹ ಓದಿ.

ಆ 100 ಸಹಿಯ ಕಥೆಯೂ ತಮಾಷೆಯದ್ದು. ಮೊದಲು ಸಹಿಯ ಜೊತೆಗೆ 1,000 ಡಾಲರ್ ಠೇವಣಿಯೂ ಇತ್ತು. 2017ರಲ್ಲಿ ಆಲ್ಬರ್ಟಾದ ನ್ಯಾಯಾಲಯ ಅದನ್ನು ತೆಗೆದುಹಾಕಿತು. ಈಗ ಒಬ್ಬನೇ ಮತದಾರ ಎಷ್ಟು ಜನರ ನಾಮಪತ್ರಕ್ಕೆ ಬೇಕಾದರೂ ಸಹಿ ಹಾಕುತ್ತಾನೆ. ಚುನಾವಣಾ ಪದ್ಧತಿಯನ್ನು ಪ್ರತಿಭಟಿಸುವ ಒಂದು ಗುಂಪು ಇದನ್ನೇ ಹಿಡಿದುಕೊಂಡಿತು. 2025ರ ಏಪ್ರಿಲ್‌ನಲ್ಲಿ ನಮ್ಮ ಪಕ್ಕದ ಕಾರ್ಲ್‌ಟನ್‌ನಲ್ಲಿ 91 ಅಭ್ಯರ್ಥಿಗಳು. ಅಲ್ಲಿರುವ ಗೆಳತಿ ಮತಪತ್ರವನ್ನು ಹಾಸಿಗೆ ಹೊದಿಕೆಯ ಹಾಗೆ ಮಡಚಬೇಕಾಯಿತು ಅಂತ ನಗುತ್ತಿದ್ದಳು. ಆ ಚುನಾವಣೆಯಲ್ಲಿ ಅಲ್ಲಿ ನಿಂತಿದ್ದ ಕನ್ಸರ್ವೇಟಿವ್ ನಾಯಕ ಪಿಯೆರ್ ಪೊಲಿಯೆವ್ ಸೋತರು. ಆಲ್ಬರ್ಟಾದ ಬ್ಯಾಟಲ್ ರಿವರ್–ಕ್ರೋಫುಟ್‌ನಲ್ಲಿ ಶೇ. 80ಕ್ಕೂ ಜಾಸ್ತಿ ವೋಟು ಪಡೆದು ಗೆದ್ದಿದ್ದ ಅದೇ ಪಕ್ಷದ ಡೇಮಿಯನ್ ಕುರೆಕ್, ಪೊಲಿಯೆವ್‌ಗಾಗಿ ತಮ್ಮ ಸೀಟು ಬಿಟ್ಟರು. ಆಗಸ್ಟ್ 18ರ ಉಪಚುನಾವಣೆಗೆ 214 ಜನ ನಿಂತರು! ಹೆಸರು ಅಚ್ಚು ಹಾಕುವುದು ಬಿಟ್ಟು, ಮತದಾರರೇ ಹೆಸರು ಬರೆಯುವ ಖಾಲಿ ಮತಪತ್ರ ಕೊಟ್ಟರು. ಪೊಲಿಯೆವ್ ಸುಲಭವಾಗಿ ಗೆದ್ದರು. ಅಂಥ ಕಡೆ ಅಭ್ಯರ್ಥಿ ಯಾರು ಅಂತ ಗೊತ್ತಾದ ದಿನವೇ ಎಂಪಿ ಯಾರು ಅಂತಲೂ ಗೊತ್ತಾಗುತ್ತದೆ.

ಈಗ ನಿಮ್ಮ ವಿಷಯ. ಮನೆಗೆ ಬಂದವರ ಮೇಲೆ ಸಿಟ್ಟಾಗಬೇಡಿ. ಇಲ್ಲಿ ಪಂಜಾಬಿಗಳು, ತಮಿಳರು, ಇಟಾಲಿಯನ್ನರು ಎಲ್ಲರೂ ಹೀಗೇ ಮನೆ ಮನೆ ತಿರುಗಿ ಮೇಲೆ ಬಂದವರು. ಕನ್ನಡದವರು ಕಡಿಮೆ, ಅದಕ್ಕೇ ನಮಗೆ ಸಂಕೋಚ ಜಾಸ್ತಿ. ಆದರೆ "ನಮ್ಮವರು" ಅನ್ನುವುದೊಂದೇ ಸಾಲದು. "ಅಭ್ಯರ್ಥಿ ನಮ್ಮ ರೈಡಿಂಗ್‌ನಲ್ಲೇ ಇರ್ತಾರಾ? ಮನೆ ಬಾಡಿಗೆ, ಫ್ಯಾಮಿಲಿ ಡಾಕ್ಟರ್ ಸಿಗದಿರೋದು, ಇದರ ಬಗ್ಗೆ ಏನಂತಾರೆ? ನಾನು ಒಂದು ಸಲ ಭೇಟಿ ಮಾಡಬಹುದಾ?" ಅಂತ ಕೇಳಿ. ಹತ್ತು ನಿಮಿಷ ಮಾತಾಡಲು ಬಾರದ ಅಭ್ಯರ್ಥಿ ಗೆದ್ದ ಮೇಲೆ ನಿಮ್ಮ ಫೋನ್ ಎತ್ತುತ್ತಾರಾ?

ಇಷ್ಟವಾದರೆ ಪಕ್ಷದ ವೆಬ್‌ಸೈಟಿನಲ್ಲಿ ನೀವೇ ಹೆಸರು ಬರೆಸಿ, ಶುಲ್ಕ ಇದ್ದರೆ ನಿಮ್ಮ ಕಾರ್ಡಿನಿಂದಲೇ ಕಟ್ಟಿ. ಇಷ್ಟವಿಲ್ಲದಿದ್ದರೆ, "ಸಾರ್, ಸಿಟಿಜನ್ ಆಗೋ ತನಕ ಸುಮ್ನೆ ನೋಡ್ತೀನಿ" ಅನ್ನಿ, ಕಾಫಿ ಕೊಟ್ಟು ಕಳಿಸಿ. ಅವರ ಸ್ನೇಹ ನಿಜವಾದದ್ದಾದರೆ ಇಷ್ಟಕ್ಕೆ ಕೆಡುವುದಿಲ್ಲ.

ಹಾಲ್‌ಗೆ ಹೋಗುವುದೇ ಆದರೆ, ಲೈಸೆನ್ಸ್‌ನಲ್ಲಿ ಈಗಿನ ವಿಳಾಸ ಇದೆಯಾ ಅಂತ ಇವತ್ತೇ ನೋಡಿಕೊಳ್ಳಿ. ಹೈಡ್ರೋ ಬಿಲ್ಲನ್ನೂ ಜೇಬಿನಲ್ಲಿ ಇಟ್ಟುಕೊಳ್ಳಿ.